ಫರ್ಗುಸನ್ ತರ ಬೈಯಬೇಕೋ, ಆಂಚೆಲೊಟ್ಟಿ ತರ ಸುಮ್ಮನಿರಬೇಕೋ?

ಪ್ರಶ್ನೆ: ಉಡುಪಿ ಹತ್ತಿರದ ನಮ್ಮ ಕ್ಲಬ್‌ನ ಫುಟ್‌ಬಾಲ್ ತಂಡ ನೋಡಿಕೊಳ್ಳುವ ಜವಾಬ್ದಾರಿ ಈ ವರ್ಷ ನನ್ನ ಮೇಲೆ ಬಿದ್ದಿದೆ. 22 ಹುಡುಗರಿದ್ದಾರೆ. ಕೆಲವರು ಕಾಲೇಜಿನವರು, ಕೆಲವರು ಕೆಲಸಕ್ಕೆ ಹೋಗುವವರು, ನಾಲ್ವರು ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾರೆ. ವಾರಕ್ಕೆ ಮೂರು ಸಂಜೆ ಅಭ್ಯಾಸ. ನಾನು ಕಾಲೇಜು ತಂಡದಿಂದ ಮುಂದೆ ಆಡಿದವನಲ್ಲ. ದೊಡ್ಡ ಮ್ಯಾನೇಜರ್‌ಗಳಲ್ಲಿ ಅಂಥದ್ದೇನಿರುತ್ತದೆ? ಫರ್ಗುಸನ್ ತರ ಗದರಿಸಬೇಕೋ, ಆಂಚೆಲೊಟ್ಟಿ ತರ ತಣ್ಣಗಿರಬೇಕೋ? ಅವರಿಂದ ನಮ್ಮಂಥ ತಂಡಕ್ಕೆ ತೆಗೆದುಕೊಳ್ಳುವಂಥದ್ದು ಏನಾದರೂ ಇದೆಯೇ? ಕೋಚಿಂಗ್ ಲೈಸೆನ್ಸ್ ಮಾಡಿಕೊಳ್ಳಬೇಕೇ?

ಉತ್ತರ: ಗದರಿಸುವುದು, ತಣ್ಣಗಿರುವುದು ಎರಡೂ ನಿಮ್ಮ ಸ್ವಭಾವಕ್ಕೆ ಬಿಟ್ಟದ್ದು. ಅದರಿಂದ ಪಂದ್ಯ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಫರ್ಗುಸನ್ ಡ್ರೆಸ್ಸಿಂಗ್ ರೂಮ್‌ನಲ್ಲಿ ಕೂಗಾಡುತ್ತಿದ್ದುದು ಲೋಕಕ್ಕೆಲ್ಲ ಗೊತ್ತು. ಅವರು 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿದ್ದು 13 ಪ್ರೀಮಿಯರ್ ಲೀಗ್ ಗೆದ್ದರು. ಆಂಚೆಲೊಟ್ಟಿ ಹುಬ್ಬು ಏರಿಸುವುದು ಬಿಟ್ಟರೆ ಬೇರೇನೂ ಮಾಡದವರ ಹಾಗೆ ಕಾಣುತ್ತಾರೆ. ಮಿಲಾನ್ ಜೊತೆ 2003, 2007ರಲ್ಲಿ, ರಿಯಲ್ ಮ್ಯಾಡ್ರಿಡ್ ಜೊತೆ 2014, 2022, 2024ರಲ್ಲಿ, ಹೀಗೆ ಐದು ಸಲ ಚಾಂಪಿಯನ್ಸ್ ಲೀಗ್ ಗೆದ್ದವರು ಅವರು. ಟಿವಿಯಲ್ಲಿ ನಮಗೆ ಕಾಣುವುದು ಆ 90 ನಿಮಿಷ ಮಾತ್ರ. ಮ್ಯಾನೇಜರ್ ಕೆಲಸದ ಬಹುಪಾಲು ಅಷ್ಟರಲ್ಲಿ ಮುಗಿದಿರುತ್ತದೆ. ಯಕ್ಷಗಾನದ ಭಾಗವತರ ಹಾಗೆ ಕೊನೆವರೆಗೂ ತಾಳ ಹಿಡಿದು ಆಟ ನಡೆಸಲು ಅವನಿಗೆ ಆಗುವುದಿಲ್ಲ. ವಿಸಿಲ್ ಊದಿದ ಮೇಲೆ ಅವನ ಕೈಯಲ್ಲಿ ಉಳಿಯುವುದು ಬದಲಿ ಆಟಗಾರರು, ಹಾಫ್ ಟೈಮಿನ ಕೆಲವು ನಿಮಿಷ, ಮತ್ತು ಯಾರಿಗೂ ಸರಿಯಾಗಿ ಕೇಳಿಸದ ಕೂಗು.

ಹಾಗಾದರೆ ದೊಡ್ಡವರಲ್ಲಿ ಸಮಾನವಾಗಿ ಇರುವುದೇನು? ತನ್ನ ಬಳಿ ಇರುವ ಹನ್ನೊಂದು ಜನಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದರಲ್ಲಿ ಅವರಿಗೆ ಭ್ರಮೆ ಇರುವುದಿಲ್ಲ. ಬರುವುದನ್ನು ಮಾತ್ರ ಆರಿಸಿಕೊಂಡು, ಹೇಳದೆಯೇ ನಡೆಯುವಷ್ಟು ರೂಢಿ ಮಾಡಿಸುತ್ತಾರೆ. ಮಿಕ್ಕದ್ದನ್ನು ಬಿಡುವ ಧೈರ್ಯ ಅವರಿಗಿರುತ್ತದೆ. ನಮ್ಮ ಕಡೆಯ ತಂಡಗಳು ಎಡವುವುದು ಹೆಚ್ಚಾಗಿ ಈ ಕೊನೆಯ ವಿಷಯದಲ್ಲೇ. ಭಾನುವಾರ ರಾತ್ರಿ ಮ್ಯಾಂಚೆಸ್ಟರ್ ಸಿಟಿ ಪಂದ್ಯ ನೋಡಿ, ಮಂಗಳವಾರ ಅಜ್ಜರಕಾಡು ಮೈದಾನದಲ್ಲಿ ಗೋಲ್‌ಕೀಪರ್ ಕಾಲಿನಿಂದ ಆಟ ಶುರುಮಾಡಿಸಲು ಹೋದರೆ ಗೋಲು ಬೀಳುವುದು ನಮ್ಮ ಪೋಸ್ಟಿಗೇ.

ನಿಮ್ಮ ಆಟದ ಅನುಭವದ ಬಗ್ಗೆ ಒಂದೇ ಮಾತು. ಇಟಲಿಯ ಕೋಚ್ ಅರಿಗೊ ಸಾಕಿ ವೃತ್ತಿಪರ ಆಟಗಾರರೇ ಆಗಿರಲಿಲ್ಲ, ಶೂ ವ್ಯಾಪಾರದಲ್ಲಿದ್ದವರು. ಅವರ ಮಿಲಾನ್ 1989, 1990ರಲ್ಲಿ ಸತತ ಎರಡು ಸಲ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ದಿತು. ಮೊರಿನ್ಹೊ ಇಂಗ್ಲೆಂಡಿನ ಕೋಚ್ ಬಾಬಿ ರಾಬ್ಸನ್‌ಗೆ ದುಭಾಷಿಯಾಗಿ ಕೆಲಸ ಮಾಡಿ ಬಂದವರು. ನಮ್ಮ ದೇಶದ ಅತ್ಯಂತ ದೊಡ್ಡ ಕೋಚ್, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ಶಾಲೆಯ ಮೇಷ್ಟ್ರು. ಕಾಲೇಜು ತಂಡದಲ್ಲಿ ಆಡಿದ್ದು ಸಾಕು.

ರಹೀಮ್ ಸಾಹೇಬರ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. ನೀವು ಕೇಳಿದ ಪ್ರಶ್ನೆಗೆ ಅವರಷ್ಟು ಒಳ್ಳೆಯ ಉದಾಹರಣೆ ಯುರೋಪಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅವರ ಕೈಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆಯಿತು. 1962ರ ಜಕಾರ್ತಾದಲ್ಲಿ ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಾಕ್ಕೆ 0-2ರಲ್ಲಿ ಸೋತಿದ್ದರು. ಮುಂದೆ ಥಾಯ್ಲೆಂಡ್ ಪಂದ್ಯದಲ್ಲಿ ಡಿಫೆನ್ಸ್‌ನ ಆಧಾರಸ್ತಂಭ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಅವರನ್ನು ಕೂರಿಸುತ್ತಿದ್ದರು, ಇಲ್ಲವೇ ಹಳೆಯ ಜಾಗದಲ್ಲೇ ಆಡಿಸುತ್ತಿದ್ದರು. ರಹೀಮ್ ಅವರನ್ನು ಗೋಲು ಹೊಡೆಯುವ ಜಾಗಕ್ಕೆ ತಂದು ಸೆಂಟರ್ ಫಾರ್ವರ್ಡ್ ಮಾಡಿದರು. ದಕ್ಷಿಣ ವಿಯೆಟ್ನಾಂ ವಿರುದ್ಧದ ಸೆಮಿಫೈನಲ್‌ನಲ್ಲಿ ಜರ್ನೈಲ್ ಗೋಲು ಹೊಡೆದರು. ಅದೇ ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲಿ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಹೊಡೆದು 2-1ರಲ್ಲಿ ಗೆದ್ದರು. (ಇದನ್ನು ಓದಿ ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ಇಳಿಸಬೇಡಿ. ಈಗ ಅದಕ್ಕೆ ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ತಲೆಸುತ್ತು, ವಾಂತಿ, ಮರೆವು, ಯಾವ ಲಕ್ಷಣ ಕಂಡರೂ ಅವನ ಆ ದಿನದ ಆಟ ಮುಗಿಯಿತು, ಸೀದಾ ಡಾಕ್ಟರ ಬಳಿಗೆ.) ಇಲ್ಲಿ ಕಲಿಯಬೇಕಾದದ್ದು, ಆಟಗಾರನ ಹೆಸರಿಗೆ ಅಂಟಿಕೊಂಡ ಜಾಗವನ್ನು ರಹೀಮ್ ಕಲ್ಲಿನಲ್ಲಿ ಕೆತ್ತಿದ್ದು ಎಂದುಕೊಳ್ಳಲಿಲ್ಲ ಎಂಬುದು.

ಇದನ್ನು ನಿಮ್ಮ ತಂಡಕ್ಕೆ ಇಳಿಸುವುದು ಹೀಗೆ. ಮೊದಲ ಎರಡು ವಾರ ಯಾರಿಗೂ ಜಾಗ ಹಂಚಬೇಡಿ. ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಹುಡುಗನಿಗೆ ಒಂದು ಪುಟ ಇಡಿ. 30 ಮೀಟರ್ ಓಟದಲ್ಲಿ ಮೊದಲ ಐವರು ಯಾರು, ಎಡಗಾಲಲ್ಲಿ 20 ಮೀಟರ್ ಪಾಸ್ ನೆಲದ ಮೇಲೆ ಕೊಡಬಲ್ಲವರು ಯಾರು, ಬೆನ್ನ ಹಿಂದೆ ಎದುರಾಳಿ ಇದ್ದಾಗ ಚೆಂಡು ಹಿಡಿದಿಟ್ಟುಕೊಳ್ಳುವವರು ಯಾರು, 70ನೇ ನಿಮಿಷಕ್ಕೂ ಓಡುತ್ತಿರುವವರು ಯಾರು, ಬೈದರೆ ಕುಗ್ಗುವವರು ಯಾರು, ಇಷ್ಟನ್ನು ಬರೆಯಿರಿ. ಹೆಚ್ಚಿನ ಕ್ಲಬ್‌ಗಳಲ್ಲಿ ಒಬ್ಬ ಹುಡುಗ ರೈಟ್ ಬ್ಯಾಕ್ ಆಗಿರುವುದು ಎಂಟನೇ ಕ್ಲಾಸಿನಲ್ಲಿ ಪಿ.ಟಿ. ಮಾಸ್ಟ್ರು ಅಲ್ಲಿ ನಿಲ್ಲಿಸಿದ್ದರಿಂದ. ಅಲ್ಲಿಂದ ಮುಂದೆ ಯಾರೂ ಕೇಳಿರುವುದಿಲ್ಲ.

ಬೋಟಿಗೆ ಹೋಗುವ ನಾಲ್ವರ ಲೆಕ್ಕ ಬೇರೆ ಹಾಕಿ. ಯಾಂತ್ರೀಕೃತ ಬೋಟ್‌ಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಮೀನುಗಾರಿಕೆ ನಿಷೇಧ. ಅವರು ನಿಮಗೆ ಪೂರ್ತಿ ಸಿಗುವುದು ಆಗ ಮಾತ್ರ. ಆಗಸ್ಟ್‌ನಲ್ಲಿ ಬೋಟ್ ಇಳಿದ ಮೇಲೆ ಅಭ್ಯಾಸಕ್ಕೆ ಬರಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಮಳೆಗಾಲದ ಟೂರ್ನಮೆಂಟಿಗೆ ಅವರ ಸುತ್ತ ತಂಡ ಕಟ್ಟಿ. ನಂತರದ ತಿಂಗಳುಗಳಿಗೆ ಅವರಿಲ್ಲದ ಇನ್ನೊಂದು ತಂಡ ಈಗಲೇ ತಲೆಯಲ್ಲಿರಲಿ. ಆ ಇನ್ನೊಂದು ತಂಡದ ಸೆಂಟರ್ ಬ್ಯಾಕ್ ಜೋಡಿಗೆ (ಡಿಫೆನ್ಸ್ ಸಾಲಿನ ನಡುವಿನ ಇಬ್ಬರಿಗೆ) ಜುಲೈಯಲ್ಲೇ ಪ್ರತಿ ಪಂದ್ಯದಲ್ಲಿ 20 ನಿಮಿಷವಾದರೂ ಕೊಡಿ.

ಇನ್ನು ಆಟದ ಮಾದರಿ. 2015–16ರಲ್ಲಿ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದಾಗ, ಸೀಸನ್ ಶುರುವಿನಲ್ಲಿ ಅದರ ಮೇಲಿದ್ದ ಬೆಟ್ಟಿಂಗ್ ದರ 5000ಕ್ಕೆ 1. 81 ಪಾಯಿಂಟ್, ಎರಡನೆಯ ಅರ್ಸೆನಲ್‌ಗಿಂತ 10 ಹೆಚ್ಚು. ಮ್ಯಾನೇಜರ್ ರಾನಿಯೇರಿ ಮಾಡಿದ್ದು ಸರಳ. ಚೆಂಡು ಎದುರಾಳಿಗೆ ಬಿಟ್ಟುಕೊಟ್ಟು, ನಾಲ್ವರ ಎರಡು ಸಾಲು ಹತ್ತಿರ ಹತ್ತಿರ ನಿಲ್ಲಿಸಿ, ಮಿಡ್‌ಫೀಲ್ಡರ್ ಕಾಂಟೆ ಕಸಿದುಕೊಂಡ ಚೆಂಡು ಎರಡು ಮೂರು ಪಾಸಿನಲ್ಲಿ ಫಾರ್ವರ್ಡ್ ವಾರ್ಡಿಯ ಮುಂದೆ ಖಾಲಿ ಜಾಗಕ್ಕೆ ಹೋಗುವಂತೆ ನೋಡಿಕೊಂಡರು. ವಾರ್ಡಿಗೆ ವೇಗ ಇತ್ತು, ಆದ್ದರಿಂದ ಆ ಆಟ. ಇನ್ನೊಂದು ಹತ್ತಿರದ ಉದಾಹರಣೆ ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿದ ಕ್ಲಬ್, ಆಶ್ಲಿ ವೆಸ್ಟ್‌ವುಡ್ ಕೈಯಲ್ಲಿ ಮೊದಲ ಸೀಸನ್‌ನಲ್ಲೇ ಆಗಿನ ದೇಶದ ಅಗ್ರ ಲೀಗ್ ಐ-ಲೀಗ್ ಗೆದ್ದಿತು. ಆಮೇಲೆ ಬಂದ ಆಲ್ಬರ್ಟ್ ರೋಕಾ ಚೆಂಡು ಇಟ್ಟುಕೊಂಡು ಆಡುವ ಸ್ಪೇನ್ ಮಾದರಿಯವರು, ಅವರ ಕಾಲದಲ್ಲಿ 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿದರು. 2018–19ರಲ್ಲಿ ಕಾರ್ಲೆಸ್ ಕ್ವಾದ್ರಾತ್ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದುಕೊಟ್ಟರು. ಮಾದರಿ ಬದಲಾಯಿತು, ಆದರೆ ಯಾರೂ ಚೆಟ್ರಿಯನ್ನು ಗೋಲಿನಿಂದ ದೂರ ಕಟ್ಟಿಹಾಕಲಿಲ್ಲ.

ನಿಮಗೆ ಮಾದರಿ ಆರಿಸುವಾಗ ಮೈದಾನವೂ ಒಬ್ಬ ಆಟಗಾರ. ಜುಲೈಯಲ್ಲಿ ಮಂಗಳೂರಿನ ನೆಹರೂ ಮೈದಾನದಲ್ಲಾಗಲಿ ನಿಮ್ಮ ಕಡೆಯ ಕಾಲೇಜು ಮೈದಾನಗಳಲ್ಲಾಗಲಿ ನೀರು ನಿಂತ ಕಡೆ ನೆಲದ ಪಾಸ್ ಮೂರು ಮೀಟರ್ ಹೋಗಿ ಸತ್ತುಹೋಗುತ್ತದೆ. ಬೆಂಗ್ರೆಯಂಥ ಕಡಲ ಬದಿಯಲ್ಲಿ ಹೊಯ್ಗೆ (ಮರಳು) ನೆಲದ ಮೇಲೆ ಆಡಿ ಬೆಳೆದ ಹುಡುಗರಿಗೆ ಕಾಲಿನ ಕಸುವು ಹೆಚ್ಚು, ಚೆಂಡನ್ನು ಗಾಳಿಯಲ್ಲಿ ನಿಭಾಯಿಸುವುದೂ ಬರುತ್ತದೆ. ಅವರನ್ನು ಕೆಸರಿನಲ್ಲಿ ಸಣ್ಣ ಪಾಸ್ ಆಡಿಸಿದರೆ ಇದ್ದ ಬಲವನ್ನೂ ಕಳೆದುಕೊಂಡಂತೆ. ಪಂದ್ಯಕ್ಕೆ 45 ನಿಮಿಷ ಮುಂಚೆ ಒಂದು ಚೆಂಡು ಹಿಡಿದು ಮೈದಾನ ಸುತ್ತಿ ಬನ್ನಿ. ಎರಡು ಪೆನಾಲ್ಟಿ ಬಾಕ್ಸ್, ಎರಡು ಬದಿ, ನಡುವೆ, ಎಲ್ಲಿ ಉರುಳುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಟಾಸ್ ಗೆದ್ದವರು ಈಗ ಕಿಕ್ ಆಫನ್ನೂ ತೆಗೆದುಕೊಳ್ಳಬಹುದು, 2019ರ ನಿಯಮ ಬದಲಾವಣೆಯ ಮೇಲೆ. ಮಳೆಗಾಲದಲ್ಲಿ ಕಿಕ್ ಆಫ್ ಬೇಡ, ಬದಿ ಆರಿಸಿ. ಎರಡನೇ ಅರ್ಧ ಹೊತ್ತಿಗೆ ಬಾಕ್ಸ್‌ಗಳು ಉತ್ತುಹಾಕಿದ ಗದ್ದೆಯಾಗಿರುತ್ತವೆ. ಆಗ ಹೆಚ್ಚು ಹಾಳಾಗುವ ಬಾಕ್ಸ್ ಎದುರಾಳಿಯ ಗೋಲ್‌ಕೀಪರ್ ಪಾಲಿಗೆ ಬರಲಿ. ನಿಮ್ಮ ಕೀಪರ್‌ಗೆ ಒದ್ದೆ ಚೆಂಡನ್ನು ಎದೆಯ ಮುಂದೆ ಹಿಡಿಯಲು ಹೋಗದೆ, ಖಾತ್ರಿ ಇಲ್ಲದಿದ್ದರೆ ಬದಿಗೆ ತಳ್ಳಲು ಹೇಳಿ. ಮುಂದಕ್ಕೆ ತಳ್ಳಿದ ಚೆಂಡೇ ಮಳೆಯ ಪಂದ್ಯಗಳಲ್ಲಿ ಗೋಲಾಗುವುದು. ಚೆಂಡಿನ ಒತ್ತಡವನ್ನೂ ನೋಡಿ. ನಿಯಮದ ಪ್ರಕಾರ 8.5ರಿಂದ 15.6 ಪಿಎಸ್‌ಐ ಒಳಗಿರಬೇಕು. ಅಷ್ಟು ಅಗಲದ ಮಿತಿಯಲ್ಲಿ ಕಲ್ಲಿನಂಥ ಚೆಂಡೂ ಬರುತ್ತದೆ, ಮೆತ್ತಗಿನದೂ ಬರುತ್ತದೆ. ಅಭ್ಯಾಸದ ಚೆಂಡು 9ರ ಹತ್ತಿರ, ಪಂದ್ಯದ ಚೆಂಡು 14 ಆದರೆ ಮೊದಲ ಹತ್ತು ನಿಮಿಷ ನಿಮ್ಮವರ ಕಾಲಿಗೆ ಒಂದೂ ನಿಲ್ಲುವುದಿಲ್ಲ.

ಈಗ ಅಭ್ಯಾಸ. ಈ ಉತ್ತರದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಸಾಕಿಯ ಮಿಲಾನ್ ಎದುರಾಳಿಯೇ ಇಲ್ಲದೆ, ಹನ್ನೊಂದು ಜನ ಮೈದಾನದಲ್ಲಿ ನಿಂತು, ಕಾಲ್ಪನಿಕ ಚೆಂಡು ಎಲ್ಲಿದೆ ಎಂದು ಅವರು ಹೇಳಿದ ಹಾಗೆ ಇಡೀ ತಂಡ ಸರಿಯುವ ಅಭ್ಯಾಸ ಮಾಡುತ್ತಿತ್ತು. ಹಿಂದಿನ ಸಾಲಿಗೂ ಮುಂದಿನ ಆಟಗಾರನಿಗೂ ಸುಮಾರು 25 ಮೀಟರ್ ಅಂತರ ಇರಬೇಕೆಂಬುದು ಅವರ ಹಟ. ಗುಲಿಟ್, ವಾನ್ ಬಾಸ್ಟನ್ ಅಂಥ ತಾರೆಯರೂ ಇದನ್ನು ದಿನಾ ಮಾಡಬೇಕಿತ್ತು. ನಿಮ್ಮ ಹುಡುಗರಿಗೆ 25 ಸಾಧ್ಯವಿಲ್ಲ. 33 ಸಾಕು. ಅದಕ್ಕೆ ಟೇಪ್ ಬೇಡ. 100 ಮೀಟರ್ ಮೈದಾನದಲ್ಲಿ ಪೆನಾಲ್ಟಿ ಬಾಕ್ಸ್ ಗೆರೆಯಿಂದ ಸೆಂಟರ್ ಲೈನಿಗೆ ಲೆಕ್ಕಕ್ಕೆ 33.5 ಮೀಟರ್. ಡಿಫೆಂಡರ್‌ಗಳು ಬಾಕ್ಸ್ ಗೆರೆಯ ಮೇಲಿದ್ದರೆ ಫಾರ್ವರ್ಡ್ ಸೆಂಟರ್ ಲೈನ್ ದಾಟಬಾರದು. ಇಷ್ಟು ಹೇಳಿದರೆ ಪ್ರತಿಯೊಬ್ಬನಿಗೂ ಅಂತರ ಕಣ್ಣಿಗೆ ಕಾಣುತ್ತದೆ.

ಅಭ್ಯಾಸ ನಡೆಸುವ ಬಗೆ: ಹತ್ತು ಜನ ಮತ್ತು ಕೀಪರ್ ತಮ್ಮ ಜಾಗದಲ್ಲಿ. ನೀವು ಎದುರುಗಡೆ ಚೆಂಡು ಹಿಡಿದು ನಡೆಯಿರಿ. ನೀವು ಬಲಕ್ಕೆ ಹೋದರೆ ಆ ಬದಿಯ ಹತ್ತಿರದವನು ನಿಮ್ಮ ಮೇಲೆ ಬರುತ್ತಾನೆ, ಅವನ ಹಿಂದಿನವನು ಓರೆಯಾಗಿ ಐದಾರು ಮೀಟರ್ ಹಿಂದೆ ನಿಲ್ಲುತ್ತಾನೆ, ದೂರದ ಬದಿಯ ಬ್ಯಾಕ್ ಮೈದಾನದ ನಡುವಿನವರೆಗೂ ಒಳಗೆ ಬರುತ್ತಾನೆ. ನಿಂತು ಎಣಿಸಿ. ಚೆಂಡಿನ ಬದಿಯ ಅರ್ಧದಲ್ಲಿ ನಿಮ್ಮ ಏಳು ಜನವಾದರೂ ಇರಬೇಕು. ನೀವು ಚೆಂಡು ಹಿಂದಕ್ಕೆ ಹೊರಳಿಸಿದರೆ ಇಡೀ ತಂಡ ನಾಲ್ಕು ಹೆಜ್ಜೆ ಮೇಲೆ. ನೀವು ತಲೆ ಎತ್ತಿ ಉದ್ದ ಹೊಡೆಯುವಂತೆ ಕಾಲೆತ್ತಿದರೆ ಹಿಂದಿನ ನಾಲ್ವರು ಹೊಡೆಯುವ ಮುಂಚೆಯೇ ಹಿಂದಕ್ಕೆ. ಹತ್ತು ನಿಮಿಷ ಎದುರಾಳಿಗಳಿಲ್ಲದೆ, ಆಮೇಲೆ ಹದಿನೈದು ನಿಮಿಷ ಆರು ಜನ ದಾಳಿಕಾರರನ್ನು ಬಿಟ್ಟು. ಹುಡುಗರಿಗೆ ಬೇಸರ ಬರುತ್ತದೆ. ಬರಲಿ. ಮೂರು ವಾರದಲ್ಲಿ ಗೋಲು ಬೀಳುವುದು ಕಡಿಮೆಯಾದಾಗ ಬೇಸರ ಹೋಗುತ್ತದೆ.

ಇಲ್ಲಿ ಎಡವುವುದು ಎಲ್ಲಿ? ಮೊದಲನೆಯದು, ಡಿಫೆಂಡರ್‌ಗಳು ಮೇಲೆ ಬರುತ್ತಾರೆ, ಆದರೆ ಮುಂದೆ ಚೆಂಡು ಹಿಡಿದವನ ಮೇಲೆ ಯಾರೂ ಒತ್ತಡ ಹಾಕಿರುವುದಿಲ್ಲ. ಅವನು ಆರಾಮಾಗಿ ತಲೆಯೆತ್ತಿ ಹಿಂದಿನ ಖಾಲಿ ಜಾಗಕ್ಕೆ ಹಾಕುತ್ತಾನೆ. ನಿಯಮ ಒಂದೇ: ಚೆಂಡಿನ ಮೇಲೆ ಒತ್ತಡ ಇದ್ದರೆ ಮೇಲೆ, ಇಲ್ಲದಿದ್ದರೆ ಹಿಂದೆ. ಎರಡನೆಯದು, ನಾಲ್ವರಲ್ಲಿ ಒಬ್ಬ ದೂರದ ಬದಿಯ ಬ್ಯಾಕ್ ಸೋಮಾರಿಯಾಗಿ ಹಿಂದೆ ಉಳಿದು ಎಲ್ಲರ ಆಫ್‌ಸೈಡ್ ಹಾಳು ಮಾಡುತ್ತಾನೆ. ಸಾಲು ನೋಡಿಕೊಳ್ಳುವ ಕೆಲಸ ಒಬ್ಬ ಸೆಂಟರ್ ಬ್ಯಾಕ್‌ಗೆ ಕೊಡಿ, ಅವನ ಮಾತೇ ಅಂತಿಮ. ಮೂರನೆಯದು ನಮ್ಮ ಕಡೆಯದೇ ಸಮಸ್ಯೆ. ಸ್ಥಳೀಯ ಪಂದ್ಯಗಳಲ್ಲಿ ಲೈನ್ಸ್‌ಮನ್ ಧ್ವಜ ಎತ್ತಿಯೇ ಎತ್ತುತ್ತಾನೆ ಎಂದು ನಂಬಿ ಕೈ ಮೇಲೆ ಮಾಡಿ ನಿಲ್ಲುವ ಡಿಫೆಂಡರ್. ವಿಸಿಲ್ ಕೇಳುವವರೆಗೆ ಓಡಬೇಕು, ಅಷ್ಟೇ.

ನಿಮ್ಮಲ್ಲಿ ತುಳು ಆಡುವವರು, ಬ್ಯಾರಿ ಆಡುವವರು, ಕೊಂಕಣಿಯವರು ಇದ್ದೇ ಇರುತ್ತಾರೆ. ಗಲಾಟೆಯಲ್ಲಿ ಉದ್ದ ವಾಕ್ಯ ಯಾವ ಭಾಷೆಯಲ್ಲಿ ಹೇಳಿದರೂ ಪ್ರಯೋಜನ ಇಲ್ಲ. ಐದು ಕೂಗು ಸಾಕು: ‘ಅಪ್’ (ಸಾಲು ಮೇಲೆ), ‘ಡ್ರಾಪ್’ (ಹಿಂದಕ್ಕೆ), ‘ಪ್ರೆಸ್’ (ಚೆಂಡು ಹಿಡಿದವನ ಮೇಲೆ ಒತ್ತಡ), ‘ಟರ್ನ್’ (ಹಿಂದೆ ಯಾರೂ ಇಲ್ಲ, ತಿರುಗು), ‘ಮ್ಯಾನ್’ (ಹಿಂದೆ ಎದುರಾಳಿ ಇದ್ದಾನೆ). ಅಭ್ಯಾಸದಲ್ಲಿ ಇವನ್ನು ಬಿಟ್ಟು ಬೇರೆ ಕೂಗಿದವನಿಗೆ ಹತ್ತು ಪುಷ್ ಅಪ್. ಹಾಗೆಯೇ, ಸುಮ್ಮನಿದ್ದವನಿಗೂ ಹತ್ತು.

ಒಂದು ಸಂಜೆಯ 75–80 ನಿಮಿಷವನ್ನು ಹೀಗೆ ಹಂಚಬಹುದು. ಮೊದಲ 20 ನಿಮಿಷ ಫಿಫಾದ ‘11+’ ವಾರ್ಮ್ ಅಪ್. ಎಂಟು ನಿಮಿಷ ನಿಧಾನ ಓಟದ ವ್ಯಾಯಾಮ, ಹತ್ತು ನಿಮಿಷ ಹೊಟ್ಟೆ, ತೊಡೆಯ ಬಲ, ಸಮತೋಲನ ಮತ್ತು ಜಿಗಿತ, ಎರಡು ನಿಮಿಷ ವೇಗದ ಓಟ, ಒಟ್ಟು 15 ವ್ಯಾಯಾಮ. ವಾರಕ್ಕೆ ಎರಡು ಸಲವಾದರೂ ತಪ್ಪದೆ ಮಾಡಿದ ತಂಡಗಳಲ್ಲಿ ಮಂಡಿ, ತೊಡೆಯ ಗಾಯ ಗಣನೀಯವಾಗಿ ಕಡಿಮೆ. 22 ಜನರ ತಂಡಕ್ಕೆ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿಲ್ಲ. ಇದನ್ನು ಬಿಟ್ಟು ಎರಡು ಸುತ್ತು ಓಡಿಸಿ ಶೂಟಿಂಗ್ ಶುರುಮಾಡುವವರೇ ಹೆಚ್ಚು. ಆಮೇಲೆ 15 ನಿಮಿಷ ರೊಂಡೊ: ಹತ್ತು ಮೀಟರ್ ಚೌಕದಲ್ಲಿ ಹೊರಗೆ ಐವರು, ನಡುವೆ ಇಬ್ಬರು, ಎರಡು ಟಚ್. ನಗುತ್ತಾ ಹರಟುತ್ತಾ ಆಡುವ ರೊಂಡೊದಿಂದ ಏನೂ ಸಿಗುವುದಿಲ್ಲ. ಚೆಂಡು ಕಳೆದವನು ಐದು ಸೆಕೆಂಡ್ ಒಳಗೆ ವಾಪಸ್ ಕಸಿಯಲು ಓಡಬೇಕು ಎಂಬ ಷರತ್ತು ಹಾಕಿದರೆ ಅದೇ ಆಟ ಪ್ರೆಸ್ಸಿಂಗ್ ಅಭ್ಯಾಸವಾಗುತ್ತದೆ. ನಂತರ ಮೇಲೆ ಹೇಳಿದ 25 ನಿಮಿಷ. ಕೊನೆಗೆ 15–20 ನಿಮಿಷ ಸಣ್ಣ ಗೋಲಿನ ಪಂದ್ಯ, ವಾರಕ್ಕೊಮ್ಮೆ ಅದನ್ನು ಬಲಗಾಲಿನವರು ಎಡಗಾಲಲ್ಲಿ ಮಾತ್ರ ಆಡುವಂತೆ. ಏಪ್ರಿಲ್ ಮೇ ಸೆಕೆಯಲ್ಲಿ 15–20 ನಿಮಿಷಕ್ಕೊಮ್ಮೆ ನೀರು ಕಡ್ಡಾಯ. ಓಆರ್‌ಎಸ್ ಪ್ಯಾಕೆಟ್ ಒಂದನ್ನು ಒಂದು ಲೀಟರಿಗೇ ಕಲಸಿ. ಅರ್ಧ ಲೀಟರಿಗೆ ಗಟ್ಟಿಯಾಗಿ ಕಲಸಿ ಕುಡಿಸುವುದು ತಪ್ಪು. ಬೊಂಡ (ಎಳನೀರು) ಅಭ್ಯಾಸ ಮುಗಿದ ಮೇಲೆ ಆಗಬಹುದು.

ವಾರದ ಕೊನೆಯ ಅಭ್ಯಾಸದಲ್ಲಿ ಹದಿನೈದು ನಿಮಿಷ ಕಾರ್ನರ್, ಫ್ರೀ ಕಿಕ್‌ಗೆ ಎತ್ತಿಡಿ. 1999ರ ಚಾಂಪಿಯನ್ಸ್ ಲೀಗ್ ಫೈನಲ್ ನಿಮಗೆ ನೆನಪಿರಬಹುದು. ಯುನೈಟೆಡ್‌ನ ಕೀನ್, ಸ್ಕೋಲ್ಸ್ ಇಬ್ಬರೂ ಸಸ್ಪೆಂಡ್ ಆಗಿದ್ದರು. ಬೆಕಮ್‌ರನ್ನು ನಡುವಿಗೆ ತಂದು ಫರ್ಗುಸನ್ ಹೆಣೆದ ಯೋಜನೆ ಹೆಚ್ಚು ಫಲ ಕೊಡಲಿಲ್ಲ. ಬಯರ್ನ್ 6ನೇ ನಿಮಿಷದಲ್ಲೇ ಮುಂದಿತ್ತು. 67ನೇ ನಿಮಿಷಕ್ಕೆ ಶೆರಿಂಗ್‌ಹ್ಯಾಮ್, 81ಕ್ಕೆ ಸೋಲ್ಷಾರ್ ಬಂದರು. ಇಬ್ಬರೂ 90 ನಿಮಿಷ ಮುಗಿದ ಮೇಲಿನ ಇಂಜುರಿ ಟೈಮ್‌ನಲ್ಲಿ, ಎರಡೂ ಬೆಕಮ್ ಕಾರ್ನರ್‌ಗಳಿಂದ, ಗೋಲು ಹೊಡೆದರು. ಇದನ್ನು ಅದೃಷ್ಟ ಎನ್ನುವವರಿದ್ದಾರೆ. ಅದೃಷ್ಟವೂ ಇತ್ತು. ಆದರೆ ಬೆಂಚಿನಲ್ಲಿ ಇಬ್ಬರು ಗೋಲು ಹೊಡೆಯುವವರನ್ನು ಕೂರಿಸಿಟ್ಟದ್ದು ಅದೃಷ್ಟವಲ್ಲ. ನಿಮ್ಮ ತಂಡಕ್ಕೆ ಎರಡೇ ಕಾರ್ನರ್ ಸಾಕು, ಒಂದು ಹತ್ತಿರದ ಪೋಸ್ಟಿಗೆ, ಒಂದು ಪೆನಾಲ್ಟಿ ಸ್ಪಾಟ್ ಹತ್ತಿರಕ್ಕೆ. ಹೊಡೆಯುವವನು ಒಬ್ಬನೇ. ಒಂದು ಕೈ ಎತ್ತಿದರೆ ಮೊದಲನೆಯದು, ಎರಡೂ ಎತ್ತಿದರೆ ಎರಡನೆಯದು. ಸೆಂಟರ್ ಲೈನ್ ಬಳಿ ಇಬ್ಬರು ವೇಗದವರು ಉಳಿಯಲೇಬೇಕು. ಎಲ್ಲರೂ ಉತ್ಸಾಹದಿಂದ ಮುಂದೆ ಹೋಗಿ ನಮ್ಮ ಕಾರ್ನರ್‌ನಿಂದ ನಾವೇ ಗೋಲು ತಿನ್ನುವುದು ಮೈದಾನದಲ್ಲಿ ಪ್ರತಿ ವಾರ ನಡೆಯುವ ದುರಂತ.

ಬದಲಿ ಆಟಗಾರರ ವಿಷಯದಲ್ಲಿ ಮೊದಲು ಟೂರ್ನಮೆಂಟಿನ ನಿಯಮ ಓದಿ. ದೊಡ್ಡ ಪಂದ್ಯಗಳಲ್ಲಿ ಈಗ ಐದು ಬದಲಾವಣೆ, ಹಾಫ್ ಟೈಮ್ ಬಿಟ್ಟು ಮೂರು ಸಲ ಆಟ ನಿಲ್ಲಿಸಿ. ಊರ ಟೂರ್ನಮೆಂಟುಗಳಲ್ಲಿ ಹೊರಗೆ ಬಂದವನು ಮತ್ತೆ ಇಳಿಯಬಹುದೋ ಇಲ್ಲವೋ ಎಂಬುದು ಸಂಘಟಕರ ಮರ್ಜಿ. ಪಂದ್ಯಕ್ಕೆ ಮುಂಚೆ ಚೀಟಿಯಲ್ಲಿ ಮೂರು ಸಾಲು ಬರೆದಿಟ್ಟುಕೊಳ್ಳಿ: 60ನೇ ನಿಮಿಷಕ್ಕೆ ಹಿಂದಿದ್ದರೆ ಯಾರು ಯಾರ ಬದಲಿಗೆ, ಮುಂದಿದ್ದರೆ ಯಾರು, ಸಮವಾಗಿದ್ದರೆ ಯಾರು. ಆ ಗಳಿಗೆಯಲ್ಲಿ ಯೋಚಿಸಲು ಕೂತರೆ ಬೆಂಚಿನ ಪಕ್ಕ ನಿಂತ ಕಮಿಟಿಯವರ ಮಾತೇ ಕಿವಿಗೆ ಬೀಳುತ್ತದೆ. ಹಳದಿ ಕಾರ್ಡ್ ಪಡೆದ, ಸಿಟ್ಟಿನ ಡಿಫೆಂಡರ್‌ನನ್ನು ಹಾಫ್ ಟೈಮ್‌ನಲ್ಲೇ ತೆಗೆಯಿರಿ. ಅವನು ಏನೂ ಆಗುವುದಿಲ್ಲ ಎಂದೇ ಹೇಳುತ್ತಾನೆ.

ಹಾಫ್ ಟೈಮ್ 15 ನಿಮಿಷ ಮೀರುವಂತಿಲ್ಲ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಹತ್ತೇ. ಮೊದಲ ನಾಲ್ಕು ನಿಮಿಷ ನೀವು ಬಾಯಿ ತೆರೆಯಬೇಡಿ. ನೀರು ಕುಡಿಯಲಿ, ಉಸಿರು ತಿರುಗಲಿ, ಪರಸ್ಪರ ಬೈದುಕೊಳ್ಳುವುದು ಮುಗಿಯಲಿ. ಆಮೇಲೆ ಎರಡು ವಿಷಯ, ಎರಡೇ. ಒಂದು ಚೆಂಡು ನಮ್ಮ ಬಳಿ ಇದ್ದಾಗಿನದು, ಒಂದು ಇಲ್ಲದಾಗಿನದು. ಐದು ಹೇಳಿದರೆ ಸೊನ್ನೆ ನೆನಪಿರುತ್ತದೆ.

ಇನ್ನು ಈ ಕೆಲಸದ ಕಹಿ ಭಾಗ, ಹುಡುಗನನ್ನು ತಂಡದಿಂದ ಕೈಬಿಡುವುದು. 1990ರ ಎಫ್‌ಎ ಕಪ್ ಫೈನಲ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಜೊತೆ 3-3 ಡ್ರಾ ಆದ ಮೇಲೆ ಮರುಪಂದ್ಯಕ್ಕೆ ಫರ್ಗುಸನ್ ತಮ್ಮ ಗೋಲ್‌ಕೀಪರ್ ಜಿಮ್ ಲೀಟನ್‌ರನ್ನು ಕೈಬಿಟ್ಟು ಲೆಸ್ ಸೀಲಿಯನ್ನು ಆಡಿಸಿದರು. ಲೀಟನ್ ಅಬರ್ಡೀನ್ ದಿನಗಳಿಂದ ಜೊತೆಗಿದ್ದವರು. 1-0ರಲ್ಲಿ ಗೆದ್ದರು, ಅದು ಯುನೈಟೆಡ್‌ನಲ್ಲಿ ಫರ್ಗುಸನ್‌ರ ಮೊದಲ ಟ್ರೋಫಿ. ಆದರೆ ಲೀಟನ್ ಜೊತೆಗಿನ ಸಂಬಂಧ ಮುರಿದುಹೋಯಿತು. ನಿರ್ಧಾರ ಸರಿಯಾಗಿದ್ದರೂ ಬೆಲೆ ಕೊಡಬೇಕಾಗುತ್ತದೆ. ಅದನ್ನು ಕಡಿಮೆ ಮಾಡುವ ದಾರಿ ಇಷ್ಟು: ಲೈನಪ್ ಓದುವ ಮುಂಚೆ, ಹಿಂದಿನ ದಿನವೇ, ಅವನೊಬ್ಬನನ್ನೇ ಕರೆದು ಹೇಳಿ. ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಬೇಡಿ. ಕಾರಣ ಒಂದೇ ಇರಲಿ, ಆಟದ್ದೇ ಆಗಿರಲಿ. ‘ನಾಳೆ ಆಚೆ ಕಡೆಯ ವಿಂಗರ್ ಬಹಳ ಫಾಸ್ಟ್, ಅದಕ್ಕೆ ಬೇರೆಯವನನ್ನು ಹಾಕುತ್ತೇನೆ. 60 ನಿಮಿಷದ ಮೇಲೆ ನೀನು ಬೇಕಾಗಬಹುದು’, ಇಷ್ಟು ಸಾಕು. ‘ನೋಡುವ, ಮುಂದಿನ ಸಲ’ ಎಂಬ ಮಾತು ಯಾವ ಹುಡುಗನನ್ನೂ ಸಮಾಧಾನ ಮಾಡಿದ್ದಿಲ್ಲ. ಸುಳ್ಳು ಕಾರಣ ಹೇಳಿದರಂತೂ ಸಂಜೆಯೊಳಗೆ ಇಡೀ ತಂಡಕ್ಕೆ ಗೊತ್ತಾಗುತ್ತದೆ.

ಫೈನಲ್ ಬಂದಾಗ ಹೊರಗಿನಿಂದ ಗೆಸ್ಟ್ ಪ್ಲೇಯರ್ ತರುವ ಚಾಳಿಯೂ ಇದಕ್ಕೆ ಸೇರಿದ್ದು. ಟೂರ್ನಮೆಂಟ್ ಪೂರ್ತಿ ಆಡಿದ ಹುಡುಗನನ್ನು ಕೂರಿಸಿ ದುಡ್ಡು ಕೊಟ್ಟು ತಂದವನನ್ನು ಆಡಿಸಿದರೆ ಕಪ್ ಬರಬಹುದು. ಮುಂದಿನ ಜೂನ್‌ನಲ್ಲಿ ಅಭ್ಯಾಸಕ್ಕೆ 22ರ ಬದಲು 13 ಜನ ಬರುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಗೋಲ್‌ಕೀಪರ್ ಗಾಯಗೊಂಡು ಬೇರೆ ಯಾರೂ ಇಲ್ಲದ ಹೊತ್ತು ಬಿಟ್ಟರೆ ಗೆಸ್ಟ್ ಬೇಡವೇ ಬೇಡ.

ಎಲ್ಲವನ್ನೂ ಒಬ್ಬರೇ ಮಾಡಲು ಹೋಗಬೇಡಿ. ಬ್ರಯನ್ ಕ್ಲಫ್ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವನ್ನು 1977ರಲ್ಲಿ ಎರಡನೇ ಡಿವಿಜನ್‌ನಿಂದ ಮೇಲೆ ತಂದು, 1978ರಲ್ಲಿ ಲೀಗ್, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆಲ್ಲಿಸಿದಾಗ ಆಟಗಾರರನ್ನು ಗುರುತಿಸುವ ಕಣ್ಣಾಗಿ ಪೀಟರ್ ಟೇಲರ್ ಜೊತೆಗಿದ್ದರು. 1974ರಲ್ಲಿ ಟೇಲರ್ ಇಲ್ಲದೆ ಲೀಡ್ಸ್‌ಗೆ ಹೋದಾಗ ಅದೇ ಕ್ಲಫ್ 44 ದಿನದಲ್ಲಿ ಕೆಲಸ ಕಳೆದುಕೊಂಡರು. ಲಿವರ್‌ಪೂಲ್‌ನಲ್ಲಿ ಕ್ಲಾಪ್ 2018ರಲ್ಲಿ ಬರೀ ಥ್ರೋ-ಇನ್ ಕಲಿಸಲು ಥಾಮಸ್ ಗ್ರೊನೆಮಾರ್ಕ್ ಎಂಬವರನ್ನು ಕರೆಸಿದರು. ಅಷ್ಟು ದೊಡ್ಡ ಮ್ಯಾನೇಜರ್‌ಗೂ ತನಗೆ ಥ್ರೋ-ಇನ್ ಅಷ್ಟಾಗಿ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಸಂಕೋಚ ಆಗಲಿಲ್ಲ. ನಿಮಗೆ ಇಬ್ಬರು ಬೇಕು. ಒಬ್ಬರು ಟೀಮ್ ಶೀಟ್, ವಯಸ್ಸಿನ ದಾಖಲೆ, ಐಸ್, ಬ್ಯಾಂಡೇಜ್, ಹೆಚ್ಚುವರಿ ಜರ್ಸಿ ನೋಡಿಕೊಳ್ಳಲಿ. ಇನ್ನೊಬ್ಬರು ಪಂದ್ಯದ ಉದ್ದಕ್ಕೂ ಗೋಲಿನ ಬಗ್ಗೆ ಯೋಚಿಸದೆ ಲೆಕ್ಕ ಬರೆಯಲಿ: ಎದುರಾಳಿ ನಮ್ಮ ಬಾಕ್ಸ್ ಒಳಗಿಂದ ಎಷ್ಟು ಸಲ ಹೊಡೆದರು, ಆ ಚೆಂಡು ಎಡದಿಂದ ಬಂತೋ ಬಲದಿಂದಲೋ ನಡುವಿನಿಂದಲೋ, ನಾವು ಚೆಂಡು ಕಳೆದದ್ದು ಮೈದಾನದ ಯಾವ ಭಾಗದಲ್ಲಿ. ನಾಲ್ಕು ಪಂದ್ಯದ ಲೆಕ್ಕ ಸೇರಿದಾಗ ಯಾವ ಬದಿ ಸೋರುತ್ತಿದೆ ಎಂದು ಗೊತ್ತಾಗುತ್ತದೆ. ನೆನಪನ್ನು ನಂಬಿದರೆ ಕೊನೆಯಲ್ಲಿ ತಪ್ಪು ಮಾಡಿದ ಬಡಪಾಯಿಯೇ ಎಲ್ಲಕ್ಕೂ ಕಾರಣನಾಗಿ ಕಾಣುತ್ತಾನೆ.

ಕಮಿಟಿಯವರ ಹತ್ತಿರ ಒಂದು ವಿಷಯ ಮೊದಲೇ ಮಾತಾಡಿಕೊಳ್ಳಿ. 1986ರ ನವೆಂಬರ್‌ನಲ್ಲಿ ಬಂದ ಫರ್ಗುಸನ್‌ಗೆ ಮೊದಲ ಟ್ರೋಫಿ ಸಿಕ್ಕಿದ್ದು 1990ರ ಮೇಯಲ್ಲಿ. ಅಷ್ಟು ಕಾಲ ನಿಮಗೆ ಯಾರೂ ಕೊಡುವುದಿಲ್ಲ, ಕೇಳುವುದೂ ಬೇಡ. ಆದರೆ ಒಂದು ಪೂರ್ತಿ ಸೀಸನ್ ತಂಡ ಆರಿಸುವುದು ನಿಮ್ಮ ಕೈಯಲ್ಲೇ ಇರಬೇಕು. ಅಧ್ಯಕ್ಷರ ತಮ್ಮನ ಮಗ ಫಾರ್ವರ್ಡ್ ಆಡಲೇಬೇಕು ಎಂದಿದ್ದರೆ ಆ ಮಾತು ಈಗಲೇ ಹೊರಗೆ ಬರಲಿ.

ಲೈಸೆನ್ಸ್ ಖಂಡಿತ ಮಾಡಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ನ ಡಿ ಲೈಸೆನ್ಸ್‌ನಿಂದ ಶುರು, ಆಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ನಿಮ್ಮ ಹಂತಕ್ಕೆ ಡಿ ಮತ್ತು ಸಿ ಸಾಕು. ಕೋರ್ಸ್ ಯಾವಾಗ, ಎಲ್ಲಿ ಎಂಬುದನ್ನು ಜಿಲ್ಲಾ ಫುಟ್‌ಬಾಲ್ ಸಂಸ್ಥೆ ಅಥವಾ ರಾಜ್ಯ ಸಂಸ್ಥೆಯಲ್ಲಿ ವಿಚಾರಿಸಿ. ಸೀಟು ಕಡಿಮೆ, ಬೇಗ ತುಂಬುತ್ತದೆ. ಹೋಗುವ ಮುಂಚೆ ಆಟದ ನಿಯಮಗಳ ಪುಸ್ತಕ ಒಮ್ಮೆ ಪೂರ್ತಿ ಓದಿಕೊಂಡು ಹೋಗಿ. 17 ನಿಯಮಗಳಲ್ಲಿ ಆಫ್‌ಸೈಡ್‌ನ 11ನೆಯದು ಮತ್ತು ಹ್ಯಾಂಡ್‌ಬಾಲ್ ಇರುವ 12ನೆಯದನ್ನು ಎರಡು ಸಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ನೀವೇ ನಿಂತು ಒಂದು ಅಭ್ಯಾಸ ನಡೆಸಿ ತೋರಿಸಬೇಕಾಗುತ್ತದೆ. ಮೇಲೆ ಹೇಳಿದ ಹತ್ತು ಜನರ ಸರಿದಾಟವನ್ನು ಅಷ್ಟರೊಳಗೆ ನಿಮ್ಮ ಹುಡುಗರ ಮೇಲೆ ಹತ್ತಾರು ಸಲ ನಡೆಸಿದ್ದರೆ ಅಲ್ಲಿ ಕೈ ನಡುಗುವುದಿಲ್ಲ.